ಒಂದೇ ಅಳತೆಯ ಹದಿನೆಂಟು ಡಬ್ಬಿ

ಗೌರಿ ಹಬ್ಬ ಕಳೆದ ಮೇಲೆ ಕಂಪಲಾಪುರದ ಚೆಲುವಯ್ಯನ ಮನೆಯಲ್ಲಿ ಪಾತ್ರೆಯ ವಿಷಯಕ್ಕೆ ಜಗಳ ಶುರುವಾಯಿತು.

ಸಂಜೆ ಕೆಲಸದಿಂದ ಬಂದ ಸೊಸೆ ಸುಕನ್ಯ ಗೂಡಿನಿಂದ ಒಂದು ಪಾತ್ರೆ ತೆಗೆದಳು. ತಳದಲ್ಲಿ ಮಧ್ಯಾಹ್ನದ ಮುದ್ದೆಯ ಹಿಟ್ಟು ಒಣಗಿ ಅಂಟಿಕೊಂಡಿತ್ತು.

"ಅತ್ತೆ, ಇದನ್ನ ತೊಳ್ದಿದ್ದೀರಾ?"

"ತೊಳೀದೆ ಯಾರಾದ್ರೂ ಗೂಡಲ್ಲಿ ಮಡಗ್ತಾರಾ?" ಎಂದಳು ಅತ್ತೆ ಮರಮ್ಮ, ಒಲೆಯ ಕಡೆಯಿಂದ ತಿರುಗದೆ.

"ಬೆರಳು ದಪ್ಪ ಹಿಟ್ಟು ಹಿಡ್ದದೆ."

"ನಿನ್ ಕಣ್ಗೆ ಅದೊಂದೇ ಕಾಣ್ತದೆ. ಬಾಗ್ಲಲ್ಲಿ ನಿನ್ ಮಗಳ ಬ್ಯಾಗು, ನಡುಮನೇಲಿ ನಿನ್ ಗಂಡನ ವೈರು. ಕಾಲಿಕ್ಕೋ ಅಂಗಿಲ್ಲ. ಅದು ಕಾಣಕ್ಕಿಲ್ವಾ?"

ಸುಕನ್ಯ ಜೂನ್ ತಿಂಗಳಿಂದ ಹುಣಸೂರಿನ ಹತ್ತಿರದ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಏಳೂವರೆಗೆ ವ್ಯಾನು ಬಂದು ಕರೆದೊಯ್ದರೆ ಸಂಜೆ ಆರೂವರೆಗೆ ತಂದು ಬಿಡುತ್ತಿತ್ತು. ತಿಂಡಿ ಮಾಡಿಟ್ಟು ಹೋಗುವುದು ಅವಳ ಪಾಲು. ಮಧ್ಯಾಹ್ನದ ಅಡುಗೆ, ಪಾತ್ರೆ, ಕಸ ಅತ್ತೆಯ ಪಾಲು. ಇದನ್ನು ಯಾರೂ ಮರಮ್ಮನ ಮೇಲೆ ಹೊರಿಸಿರಲಿಲ್ಲ. "ನೀನ್ ಓಗು, ಮನೆ ನಾನ್ ನೋಡ್ಕತೀನಿ" ಎಂದು ಅವಳೇ ಹೇಳಿ ಕಳಿಸಿದ್ದಳು. ಅದಕ್ಕೇ ಸುಕನ್ಯಳಿಗೆ ಅರ್ಥವಾಗುತ್ತಿರಲಿಲ್ಲ. ಮೂವತ್ತು ವರ್ಷ ಈ ಮನೆಯನ್ನು ಕನ್ನಡಿಯಂತೆ ಇಟ್ಟಿದ್ದ ಹೆಂಗಸು ಈಗ ಮೂಲೆ ಬಿಟ್ಟು ನಡು ಗುಡಿಸುತ್ತಾಳೆ. ಅನ್ನದಲ್ಲಿ ಕಲ್ಲು ಸಿಗುತ್ತದೆ. ಕೇಳಿದರೆ ಮೇಲೆ ಬೀಳುತ್ತಾಳೆ.

"ಬೇಕು ಅಂತ್ಲೇ ಮಾಡ್ತಾರೆ ಕಣ್ರೀ," ಎಂದು ಅವಳು ಗಂಡ ಕಿರಣ್‌ಕುಮಾರನ ಹತ್ತಿರ ಹೇಳಿದಳು. "ನಾನು ದುಡಿಯಕ್ಕೆ ಹೋಗೋದು ಅವರಿಗೆ ಇಷ್ಟ ಇಲ್ಲ. ಬಾಯಲ್ಲಿ ಹೇಳಲ್ಲ, ಕೈಯಲ್ಲಿ ತೋರಿಸ್ತಾರೆ."

"ಅವ್ವ ಅಂಥೋಳಲ್ಲ ಬುಡು. ವಯಸ್ಸಾಯ್ತು."

ಕಿರಣ್‌ಕುಮಾರ ಸುತ್ತಲ ಹಳ್ಳಿಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಬಿಚ್ಚಿದ ಮೋಟರು, ತಾಮ್ರದ ವೈರಿನ ಸುರುಳಿ, ಟೂಲ್ ಬಾಕ್ಸು ಎಲ್ಲವೂ ನಡುಮನೆಯಲ್ಲೇ ಬಿದ್ದಿರುತ್ತಿದ್ದವು. ಎತ್ತಿಡು ಎಂದರೆ "ನಾಳೆ" ಎನ್ನುತ್ತಿದ್ದ. ಎಂಟನೇ ಕ್ಲಾಸಿನ ಮಗಳು ರಮ್ಯಾ ಸ್ಕೂಲಿಂದ ಬಂದವಳೇ ಬ್ಯಾಗನ್ನು ಬಾಗಿಲಲ್ಲಿ ಬಿಟ್ಟು ಓಡುತ್ತಿದ್ದಳು. ಚೆಲುವಯ್ಯ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಬಿಸಿಲು ಸರಿದ ಕಡೆಗೆಲ್ಲ ಎಳೆದುಕೊಂಡು ಹೋಗಿ, ಎದ್ದ ಮೇಲೆ ಅಲ್ಲೇ ಬಿಡುತ್ತಿದ್ದ.

ಸುಕನ್ಯಳಿಗೆ ಫ್ಯಾಕ್ಟರಿಯಲ್ಲಿ ಹಿಡಿಸಿದ್ದು ಒಂದೇ: ಅಲ್ಲಿನ ಅಚ್ಚುಕಟ್ಟು. ಕತ್ತರಿಯನ್ನು ದಾರ ಹಾಕಿ ಮೆಷಿನ್ನಿಗೇ ಕಟ್ಟಿರುತ್ತಿದ್ದರು. ಸೂಜಿ ಮುರಿದರೆ ತುಂಡುಗಳನ್ನೆಲ್ಲ ಹುಡುಕಿ ಒಪ್ಪಿಸಿದ ಮೇಲೆಯೇ ಹೊಸ ಸೂಜಿ. ಊಟದ ಬಿಡುವಿನಲ್ಲಿ ಜೊತೆಯ ಹೆಂಗಸರು ಫೋನಿನಲ್ಲಿ ಯಾರ್‍ಯಾರದೋ ಅಡುಗೆಮನೆ ತೋರಿಸುತ್ತಿದ್ದರು. ಸಾಲಾಗಿ ಒಂದೇ ಥರದ ಡಬ್ಬಿಗಳು, ಒಂದು ಚೂರು ಜಿಡ್ಡಿಲ್ಲ. ಪಿತೃಪಕ್ಷದ ಹಬ್ಬಕ್ಕೆ ಮುಂಚಿನ ಶನಿವಾರ ಅವಳು ಪಿರಿಯಾಪಟ್ಟಣಕ್ಕೆ ಹೋಗಿ ಹದಿನೆಂಟು ಡಬ್ಬಿ ತಂದಳು. ಒಳಗಿನದು ಹೊರಗೆ ಕಾಣುವಂಥವು, ಎಲ್ಲವೂ ಒಂದೇ ಅಳತೆ, ಎಲ್ಲಕ್ಕೂ ಬಿಳಿ ಮುಚ್ಚಳ.

ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಅಡುಗೆಮನೆ ಕಿತ್ತುಹಾಕಿದಳು. ಗೂಡುಗಳಿಗೆ ಸುಣ್ಣ ಬಳಿದಳು. ಮುಚ್ಚಳ ಸೊಟ್ಟಗಾದ ಬಿಸ್ಕತ್ತಿನ ಡಬ್ಬ, ಉಪ್ಪಿನ ಮಣ್ಣಿನ ಕುಡಿಕೆ, ಕಂಠ ಮುರಿದ ಗಾಜಿನ ಬಾಟಲಿ, ಹಿಡಿ ಹೋದ ಅಲ್ಯೂಮಿನಿಯಂ ಕ್ಯಾನು, ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿದಳು.

"ಅದ್ನೆಲ್ಲ ಎಲ್ಲಿಗಮ್ಮಿ ತಗಂಡೋಗ್ತೀಯ?" ಎಂದು ಮರಮ್ಮ ಕೇಳಿದಳು.

"ಗುಜರಿಯವನಿಗೆ ಹಾಕ್ತೀನಿ ಅತ್ತೆ. ತುಕ್ಕು ಹಿಡ್ದವೆ."

"ನಾನ್ ಇರೋಗಂಟ ಇರ್ಲಿ ಬುಡು."

"ಹೊಸದು ತಂದಿದೀನಲ್ಲ. ಚಮಚಾನೂ ಒಂದೊಂದು ಹಾಕಿದೀನಿ. ಇನ್ಮೇಲೆ ಒಳಗೆ ಕೈ ಹಾಕೋದು ಬೇಡ."

ರಮ್ಯಾ ಚೀಟಿಗಳಲ್ಲಿ ಹೆಸರು ಬರೆದು ಅಂಟಿಸುತ್ತಿದ್ದವಳು, "ಅಜ್ಜಿಗೆ ಓದಕ್ಕೆ ಬರಲ್ವಲ್ಲಮ್ಮ" ಎಂದಳು.

"ಒಳಗಿರೋದು ಕಾಣುತ್ತಲ್ಲ, ಓದೋದ್ಯಾಕೆ?"

ಮರಮ್ಮ ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು.

ಸೋಮವಾರ ಮಧ್ಯಾಹ್ನದ ಊಟ ಮೂರು ಗಂಟೆಗಾಯಿತು. ಮಂಗಳವಾರ ಚೆಲುವಯ್ಯ ಬರಿಯ ಅನ್ನ ಮಜ್ಜಿಗೆ ಉಂಡ. ಬುಧವಾರ ಸಂಜೆ ಸುಕನ್ಯ ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಅಡುಗೆಮನೆಯಲ್ಲಿ ಏನೋ ಉಕ್ಕಿ ಒಲೆಯ ಮೇಲೆ ಚೊರ್ ಎಂದು ಸುರಿದ ಸದ್ದು ಕೇಳಿಸಿತು. ಓಡಿಬಂದು ನೋಡಿದರೆ ಹುಣಿಸೆಹುಳಿ ಬಿಟ್ಟ ಹುರುಳಿಕಾಳಿನ ಸಾರು ಸೋಪಿನ ನೀರಿನಂತೆ ನೊರೆ ಕಟ್ಟಿ ಹೊರಗೆ ಬರುತ್ತಿತ್ತು. ಒಲೆ ಆರಿಸಿ ಡಬ್ಬಿ ನೋಡಿದಳು. ಮುಚ್ಚಳ ತೆರೆದಿದ್ದು ಉಪ್ಪಿನದಲ್ಲ, ಸೋಡಾದ್ದು.

"ಅತ್ತೆ, ಇದು ಸೋಡಾ."

ಮರಮ್ಮ ಸೌಟು ಹಿಡಿದುಕೊಂಡು ನಿಂತಿದ್ದಳು.

"ಉಪ್ಪು ಇಲ್ಲೇ ಪಕ್ಕದಲ್ಲೈತೆ. ಎರಡರ ಮೇಲೂ ಚೀಟಿ ಐತೆ, ಒಳಗಿಂದೂ ಕಾಣ್ತದೆ. ಸೋಡಾ ಹೆಂಗೆ ಹಾಕಿದ್ರಿ? ನಾನು ಜೋಡಿಸಿದ್ದು ಸರಿಯಿಲ್ಲ ಅಂತ ತೋರ್ಸಕ್ಕೆ ಬೇಕು ಅಂತ್ಲೇ ಹಾಕಿದ್ರಾ?"

ಜಗಲಿಯಿಂದ ಎದ್ದುಬಂದ ಚೆಲುವಯ್ಯ, "ಅಲ್ಲ ಕಣವ್ವ ಸುಕನ್ಯ, ಅವ್ಳ್ಗೆ..." ಎಂದು ಬಾಯಿ ತೆರೆದ.

"ಸುಮ್ಕಿರಿ ನೀವು," ಎಂದಳು ಮರಮ್ಮ. ಆಮೇಲೆ ಸೊಸೆಯ ಕಡೆ ತಿರುಗಿ, "ಊಂ ಕಣವ್ವ. ಬೇಕು ಅಂತ್ಲೇ ಆಕ್ದೆ. ಏನೀಗ?" ಎಂದಳು.

ಆ ಸಂಜೆ ಎಲ್ಲರೂ ಮುದ್ದೆಯನ್ನು ಉಪ್ಪಿನಕಾಯಿಯಲ್ಲಿ ಉಂಡರು. ಸುಕನ್ಯ ಎರಡೇ ತುತ್ತು ನುಂಗಿ ಎದ್ದಳು. ಅತ್ತೆ ಸೊಸೆಯರ ಮಾತು ನಿಂತಿತು.

ಶನಿವಾರ ಫ್ಯಾಕ್ಟರಿಯಲ್ಲಿ ಕರೆಂಟಿನ ತೊಂದರೆಯಾಗಿ ಹತ್ತು ಗಂಟೆಗೆಲ್ಲ ಮನೆಗೆ ಕಳಿಸಿದರು. ಸುಕನ್ಯ ಸರ್ಕಾರಿ ಬಸ್ಸು ಹಿಡಿದು ಬಂದಳು. ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಗಂಡ ಹೆಂಡಿರ ಮಾತು ಕೇಳುತ್ತಿತ್ತು.

"ಇದ್ಯಾವ್ದು ಏಳಿ."

"ಕಡ್ಲೆಬೇಳೆ."

"ಇದು?"

"ತೊಗರಿಬೇಳೆ. ಮೂಸಿ ನೋಡು, ಗೊತ್ತಾಯ್ತದೆ."

ಸುಕನ್ಯ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮರಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಸುತ್ತಲೂ ಹದಿನೆಂಟು ಡಬ್ಬಿ. ಒಂದೊಂದನ್ನೇ ತೆರೆದು, ಬೆರಳಿಂದ ಮುಟ್ಟಿ, ಮೂಗಿಗೆ ಹಿಡಿದು ಮುಚ್ಚುತ್ತಿದ್ದಳು. ಒಂದಕ್ಕೆ ಹರಿದ ಸೀರೆಯ ಅಂಚು ಕಟ್ಟಿದ್ದಳು, ಇನ್ನೊಂದಕ್ಕೆ ರಬ್ಬರ್ ಬ್ಯಾಂಡು ಸುತ್ತಿದ್ದಳು. ಪಕ್ಕದಲ್ಲಿ ಚೆಲುವಯ್ಯ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ.

ನೆರಳು ಬಿದ್ದದ್ದು ತಿಳಿದು ಮರಮ್ಮ ತಲೆಯೆತ್ತಿದಳು. ನಾಲ್ಕು ಮಾರು ದೂರವಿಲ್ಲ. ಹೊರಗೆ ಮಧ್ಯಾಹ್ನದ ಬೆಳಕು. ನೇರ ಸೊಸೆಯ ಕಡೆ ಮುಖ ಮಾಡಿ ಕೇಳಿದಳು: "ಯಾರವ್ವಾ ಅದು? ಪಕ್ಕದ್ಮನೆ ಸುಂದ್ರಿಯಾ?"

ಚೆಲುವಯ್ಯನ ಕೈ ಮೊರದ ಮೇಲೆ ನಿಂತಿತು.

"ನಾನು ಅತ್ತೆ," ಎಂದಳು ಸುಕನ್ಯ.

ಮರಮ್ಮ ಕೈಯಲ್ಲಿದ್ದ ಡಬ್ಬಿಯನ್ನು ಮಡಿಲಿಗೆ ಇಳಿಸಿಕೊಂಡಳು.

"ಎಷ್ಟು ದಿನದಿಂದ?" ಎಂದು ಸುಕನ್ಯ ಕೇಳಿದಳು.

"ಎರಡು ವರ್ಸ ಆಯ್ತು," ಚೆಲುವಯ್ಯ ಹೇಳಿದ. "ಬಲಗಣ್ಣು ಓಗೇಬುಡ್ತು. ಎಡಗಡೆ ಒಂಚೂರು, ಕೊಳವೇಲಿ ನೋಡ್ದಂಗೆ ಕಾಣ್ತದಂತೆ. ಕತ್ಲು ಕ್ವಾಣೇಲಿ ಅದೂ ಇಲ್ಲ."

"ನೀವಾದ್ರೂ ಹೇಳ್ಬಾರ್ದಾ ಮಾವ?"

"ಆಣೆ ಆಕ್ಸಿಕೊಂಡಿದ್ಲು."

ಮರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಣ್ಣು ಓಯ್ತು ಅಂದ್ರೆ ಏನ್ ಮಾಡ್ತೀರಿ? ಮೂಲೇಲಿ ಕುಂಡ್ರುಸಿ ಇಟ್ಟು ಆಕ್ತೀರಿ. ನಮ್ಮತ್ತೆ ಅಂಗೇ ಕುಂತು ಕುಂತೇ ಸತ್ಲು. ಅದೂ ಅಲ್ದೆ ನೀನು ಈ ವರ್ಸ ತಾನೆ ಕೆಲ್ಸಕ್ಕೆ ಸೇರ್‍ಕಂಡಿದ್ದೆ. ನನ್ ದೆಸೆಯಿಂದ ಬುಟ್ಟೆ ಅಂತ ಆಗ್ಬಾರ್ದು."

"ಅದಕ್ಕೆ ಬೇಕು ಅಂತ್ಲೇ ಸೋಡಾ ಹಾಕ್ದೆ ಅಂದ್ರಾ?"

"ಊಂ."

"ಹಳೇ ಡಬ್ಬಗಳು?"

"ಅವು ಮುಟ್ಟಿದ್ರೆ ಗೊತ್ತಾಗ್ತಿದ್ವು. ಸೊಟ್ಟ ಮುಚ್ಚಳದ್ದು ಬೇಳೆ, ಮಣ್ಣಿಂದು ಉಪ್ಪು, ಕಂಠ ಇಲ್ದಿದ್ದು ಖಾರದ ಪುಡಿ. ಇವು ಎಲ್ಲಾ ಒಂದೇ ತಾಯಿ ಮಕ್ಳಂಗವೆ."

ಸುಕನ್ಯ ಬ್ಯಾಗನ್ನು ಮೊಳೆಗೆ ಹಾಕಿದಳು. ಹಿತ್ತಲಿಗೆ ಹೋಗಿ ಬಚ್ಚಲ ಹಿಂದೆ ಬಿದ್ದಿದ್ದ ಗೋಣಿಚೀಲ ಎಳೆದು ತಂದಳು. ಗುಜರಿಯವನು ಆ ವಾರ ಬಂದಿರಲಿಲ್ಲ. ಕುಡಿಕೆಯನ್ನೂ ಬಿಸ್ಕತ್ತಿನ ಡಬ್ಬವನ್ನೂ ಬೂದಿ ಹಾಕಿ ಉಜ್ಜಿ ತೊಳೆದಳು. ಬಾಟಲಿಯ ಒಡೆದ ಅಂಚು ಕೈ ಕೊಯ್ಯುವಂತಿತ್ತು. ಅದನ್ನು ಮಾತ್ರ ಎಸೆದಳು. ಆಮೇಲೆ ಅತ್ತೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಒಂದು ಡಬ್ಬಿಯನ್ನು ಕೈಗೆತ್ತಿಕೊಂಡಳು.

"ಇದು ಖಾರದ ಪುಡಿ. ಇದಕ್ಕೇನು ಕಟ್ಟಾಣ ಅತ್ತೆ?"

ಮರಮ್ಮ ಯೋಚಿಸಿದಳು. "ದಪ್ಪ ದಾರ ಕಟ್ಟು. ಎರಡು ಗಂಟಾಕು. ತಪ್ಪಿದ್ರೆ ಕಷ್ಟ ಅದು."

ಎಲ್ಲ ಮುಗಿದ ಮೇಲೆ ಅವಳು ಸೊಸೆಯ ಕೈ ಹಿಡಿದು ಹೇಳಿದಳು: "ಕಿರಣಂಗೆ ಏಳು, ಪರ್ವಾಗಿಲ್ಲ. ಊರೋರಿಗೆ ಬ್ಯಾಡ. ಸುಂದ್ರಿಗಂತೂ ಬ್ಯಾಡ್ವೇ ಬ್ಯಾಡ." ಸುಂದ್ರಮ್ಮ ಎಂದರೆ ಪಕ್ಕದ ಮನೆಯವಳು. ಅವಳ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಹಾಲಿನ ಡೈರಿಯ ಸಾಲಿನಲ್ಲಿ ಇರುತ್ತಿತ್ತು.

ಸುಕನ್ಯ ಒಪ್ಪಿಕೊಂಡಳು.

ಸೋಮವಾರ ಕಿರಣ್‌ಕುಮಾರ ತಾಯಿಯನ್ನು ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಹಾಳಾಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದು ಡಾಕ್ಟರು ಹೇಳಿದರು. ಬೆಳಿಗ್ಗೆ ಸಂಜೆ ತಪ್ಪದೆ ಹಾಕಲು ಹನಿಔಷಧಿ ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸು ಬಿಳಿಕೆರೆ ದಾಟಿದ ಮೇಲೆ ಕಿರಣ ಕೇಳಿದ:

"ಒಂದ್ ಮಾತು ಏಳ್ಬಾರ್ದೇನವ್ವ?"

"ಏಳಿದ್ರೆ ನಿನ್ ವೈರು ಎತ್ತಿ ಮಡಗ್ತಿದ್ಯಾ?"



ಅಂದಿನ ಊಟಕ್ಕೆ ಬಸ್ಸಾರು, ಸೊಪ್ಪಿನ ಪಲ್ಯ. ಐವರೂ ಗೋಡೆಗೆ ಒರಗಿ ಕೂತಿದ್ದರು. ಕಿರಣ ದಾರಿಯುದ್ದಕ್ಕೂ ಯೋಚಿಸಿದ್ದನ್ನು ಹೇಳಿದ: "ಸುಕನ್ಯ ಕೆಲ್ಸ ಬುಟ್ಬುಡ್ಲಿ. ಇನ್ನೇನ್ ಮಾಡಕ್ಕಾಯ್ತದೆ?"

ಸುಕನ್ಯ ತಟ್ಟೆ ನೋಡುತ್ತಾ ಕೂತಳು. ಬೇಡ ಎನ್ನುವುದಕ್ಕೆ ಅವಳಿಗೆ ಬಾಯಿ ಬರಲಿಲ್ಲ. ಹೂಂ ಎನ್ನಲೂ ಬರಲಿಲ್ಲ.

"ಅವ್ಳು ಬುಟ್ರೆ ನಾಳೆಯಿಂದ ನಾನು ಒಲೆ ಮುಟ್ಟಕ್ಕಿಲ್ಲ," ಎಂದಳು ಮರಮ್ಮ. "ನನ್ ಕೈಲಾಗ್ದೆ ಇರೋದು ಅಡ್ಗೆ ಅಲ್ಲ ಕಣಪ್ಪ. ಈ ಮನೇಲಿ ಒಂದ್ ಸಾಮಾನು ಇದ್ದ ಕಡೆ ಇರಕ್ಕಿಲ್ಲ. ನಿನ್ನೆ ಚೊಂಬು ಇದ್ದ ಕಡೆ ಇವತ್ತು ಸುತ್ತಿಗೆ. ಮಡಗಿದ್ದು ಮಡಗಿದ್ ಕಡೆ ಇದ್ರೆ ನಾನ್ ಇನ್ನೂ ಅತ್ತು ವರ್ಸ ಬೇಯಿಸಿ ಆಕ್ತೀನಿ."

"ಅಜ್ಜಿ ಹೇಳೋದು ಸರಿ," ಎಂದಳು ರಮ್ಯಾ.

"ನೀನು ಮೊದ್ಲು ಬ್ಯಾಗ್ ಎತ್ತು," ಎಂದಳು ಸುಕನ್ಯ.

ಮರುದಿನ ಸುಕನ್ಯ ದೊಡ್ಡ ಪಟ್ಟಿಯನ್ನೇ ಮಾಡಿದಳು. ದಿನಾ ನೆಲ ಒರೆಸುವುದು, ದಿನಾ ಗೂಡು ಒರೆಸುವುದು, ಶೌಚಾಲಯ, ಹಿತ್ತಲು, ಹಾಸಿಗೆ ಮಡಿಸುವುದು, ಯಾವ ಕೆಲಸ ಯಾರದು ಎಂದು ರಮ್ಯಾಳ ಕೈಯಲ್ಲಿ ಬರೆಸಿ ಗೋಡೆಗೆ ಅಂಟಿಸಿದಳು. ಆ ಪಟ್ಟಿ ನಾಲ್ಕು ದಿನ ನಡೆಯಿತು. ಐದನೇ ದಿನ ಕಿರಣ ಬೆಟ್ಟದಪುರದ ಕಡೆ ಮೋಟರು ಎತ್ತಲು ಹೋದವನು ತಡವಾಗಿ ಬಂದ. ರಮ್ಯಾಳಿಗೆ ಪರೀಕ್ಷೆ. ಸುಕನ್ಯಳೇ ಸುಸ್ತಾಗಿ ಚಾಪೆಯ ಮೇಲೆ ಬಿದ್ದುಕೊಂಡಳು.

"ಇಷ್ಟೊಂದು ಯಾರ್ ಕೈಲಾಯ್ತದೆ ಬುಡು," ಎಂದಳು ಮರಮ್ಮ. "ನೆಲದ ಮ್ಯಾಲೆ ಏನೂ ಬ್ಯಾಡ. ತಗಂಡಿದ್ದು ಅಲ್ಲೇ ಮಡಗಿ. ಇಷ್ಟು ಮಾಡಿ ಸಾಕು. ಗೂಡು ನಾನ್ ನೋಡ್ಕತೀನಿ. ದಿನಾ ಎಸ್ರು ಕುದಿಯೋ ಒತ್ಗೆ ಒಂದ್ ಗೂಡು ವರ್ಸುದ್ರೆ ಎಂಟು ದಿನಕ್ಕೆ ಎಂಟು ಗೂಡೂ ಆಯ್ತವೆ."

ಸುಕನ್ಯ ಎದ್ದು ಗೋಡೆಯ ಪಟ್ಟಿ ಕಿತ್ತುಹಾಕಿದಳು.

ಅತ್ತೆ ತೊಳೆದ ಪಾತ್ರೆಗಳ ಮೇಲೆ ರಮ್ಯಾ ಸ್ಕೂಲಿಂದ ಬಂದು ಒಂದು ಸಲ ಕೈಯಾಡಿಸುವುದು ಎಂದಾಯಿತು. ಚೆಲುವಯ್ಯ ಇಷ್ಟು ದಿನ ಯಾವಾಗಲಾದರೊಮ್ಮೆ ಕದ್ದು ಆರಿಸುತ್ತಿದ್ದ ಅಕ್ಕಿಯನ್ನು ಈಗ ಜಗಲಿಯ ಮೇಲೆ ರಾಜಾರೋಷವಾಗಿ ಆರಿಸತೊಡಗಿದ. ನಲವತ್ತು ವರ್ಷ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಲ್ಲಿ ಎಲೆ ವಿಂಗಡಿಸಿದ ಬೆರಳುಗಳು. ಒಂದು ಕಲ್ಲೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮೂಲೆ ಗುಡಿಸುವ ಕೆಲಸ ಕಿರಣನಿಗೆ ಬಂತು.

ಮೊದಲ ದಿನ ಅವನು ಬಾಗಿಲು ಹಾಕಿಕೊಂಡು ಗುಡಿಸಿದ.

"ಬಾಗ್ಲು ತೆಗ್ದು ಗುಡ್ಸಪ್ಪ. ಧೂಳು ಎಲ್ಗೋಗ್ಬೇಕು?" ಎಂದಳು ಮರಮ್ಮ ಕೆಮ್ಮುತ್ತಾ.

"ಯಾರಾದ್ರೂ ನೋಡ್ತಾರೆ ಕಣವ್ವ."

"ನೋಡ್ಲಿ. ನಿಮ್ಮಪ್ಪ ಕಲ್ಲು ಆರ್ಸೋದು ನೋಡ್ತಾ ಇಲ್ವಾ?"

ಮೂರನೇ ದಿನ ಸುಂದ್ರಮ್ಮ ನೋಡಿದಳು. ಸೊಸೆ ಫ್ಯಾಕ್ಟರಿಗೆ ಹೋಗಿ ದೊಡ್ಡೋಳಾದಳು, ಗಂಡನ ಕೈಲಿ ಪೊರಕೆ ಹಿಡಿಸಿದಳು, ಮಾವನ ಕೈಗೆ ಅಕ್ಕಿಯ ಮೊರ ಕೊಟ್ಟಳು ಎಂದು ಮಾತು ಹಬ್ಬಿತು. ವ್ಯಾನಿನಲ್ಲಿ ಸುಕನ್ಯಳ ಪಕ್ಕ ಕೂರುವ ಶಾಂಭವಿಯೇ ಅದನ್ನು ತಂದು ಹೇಳಿದಳು: "ಏನೇ ಸುಕನ್ಯ, ನಿಮ್ಮತ್ತೇನ ಮೂಲೆಗೆ ಕೂರಿಸಿ ನೀನೇ ಮನೆ ಆಳ್ತಿದೀಯಂತೆ."

ಸುಕನ್ಯ ನಕ್ಕು ಸುಮ್ಮನಾದಳು. ಮನೆಗೆ ಬಂದು ಗಂಡನ ಹತ್ತಿರ ಮಾತ್ರ ಹೇಳಿದಳು.

"ನಿಜ ಹೇಳ್ಬುಡು ಅತ್ಲಾಗೆ," ಎಂದ ಕಿರಣ.

"ಮಾತು ಕೊಟ್ಟಿದೀನಿ ಕಣ್ರೀ."

ಅಡುಗೆಮನೆಯಲ್ಲಿದ್ದ ಮರಮ್ಮನಿಗೆ ಕಿವಿ ಚುರುಕಾಗಿತ್ತು. ಅವಳು ಏನೂ ಕೇಳಿಸದವಳಂತೆ ಮುದ್ದೆ ತೊಳಸುತ್ತಲೇ ಇದ್ದಳು. ಅಂದು ಮುದ್ದೆಯಲ್ಲಿ ಒಂದೆರಡು ಗಂಟು ಉಳಿದವು.

ಅಭ್ಯಾಸ ಕೂಡಿಬಂದದ್ದು ಸುಲಭವಾಗಿ ಅಲ್ಲ. ಆಯುಧಪೂಜೆಯ ಮಾರನೇ ದಿನ ಪೂಜೆಗೆ ಇಟ್ಟಿದ್ದ ಟೂಲ್ ಬಾಕ್ಸನ್ನು ಕಿರಣ ಎತ್ತದೆ ಡೈರಿಗೆ ಹೋದ. ಮರಮ್ಮ ನೀರಿನ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಬಂದವಳು ಎಡವಿ ಬಿದ್ದಳು. ಮೊಣಕಾಲ ಕೆಳಗೆ ಎರಡು ಇಂಚು ಚರ್ಮ ಕಿತ್ತು ಬಂತು. ಕಿರಣ ಬಂದಾಗ ಚೆಲುವಯ್ಯ ಅರಿಶಿನ ಮೆತ್ತುತ್ತಿದ್ದ, ರಮ್ಯಾ ಪಕ್ಕದಲ್ಲಿ ಅಳುತ್ತಿದ್ದಳು. ಕಿರಣ ತಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿ, ಬ್ಯಾಂಡೇಜು ಕಟ್ಟಿಸಿಕೊಂಡು ಬಂದ.

ಯಾರೂ ಅವನನ್ನು ಬೈಯಲಿಲ್ಲ. ಮರಮ್ಮನೂ ಬೈಯಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಆ ಮಧ್ಯಾಹ್ನವೇ ಹಲಗೆ ಕೊಯ್ದು, ಗೋಡೆಗೆ ಕಬ್ಬಿಣದ ಪಟ್ಟಿ ಬಡಿದು, ಜಗಲಿಯ ಮೂಲೆಯಲ್ಲಿ ಎದೆಯೆತ್ತರಕ್ಕೆ ಒಂದು ಅಟ್ಟಣಿಗೆ ಮಾಡಿದ. ಬಾಕ್ಸು, ವೈರು, ಬಿಚ್ಚಿದ ಮೋಟರು ಎಲ್ಲ ಅದರ ಮೇಲೆ ಹೋದವು. ಅದರ ಕೆಳಗೆ ಒಂದು ಮೊಳೆ ಹೊಡೆದು ಮಗಳನ್ನು ಕರೆದ.

"ಬ್ಯಾಗು ಇಲ್ಲಿ. ಒಳಕ್ ಬರೋ ಮುಂಚೆ."

"ತಾತನ ಕುರ್ಚಿ?" ರಮ್ಯಾ ಕೇಳಿದಳು.

"ಕುರ್ಚಿ ನಾನ್ ಕೂತಿರೋಗಂಟ ಇರ್ತದೆ," ಎಂದ ಚೆಲುವಯ್ಯ. "ಎದ್ಮೇಲೆ ಗೋಡೆಗೆ."

"ಹೇಳಿ ಎಷ್ಟು ದಿನ ಆಯ್ತು ಮಾವ?" ಸುಕನ್ಯ ನಗುತ್ತಾ ಕೇಳಿದಳು.

"ಇವತ್ತಿಂದ ಲೆಕ್ಕ ಇಟ್ಕಳವ್ವ."

ಅದಾದ ಮೇಲೂ ತಪ್ಪುತ್ತಿದ್ದವು. ಒಂದು ದಿನ ಬಕೆಟ್ಟು, ಇನ್ನೊಂದು ದಿನ ಚಾಪೆ. ಆದರೆ ಮರೆತವರೇ ಅರ್ಧ ದಾರಿಯಿಂದ ಹಿಂದಕ್ಕೆ ಬಂದು ಎತ್ತಿಡತೊಡಗಿದರು. ಸಂಜೆ ಊಟಕ್ಕೆ ಕೂರುವ ಮುಂಚೆ ರಮ್ಯಾ ಮನೆಯನ್ನು ಒಂದು ಸುತ್ತು ಹೊಡೆದು "ನೆಲ ಕ್ಲೀನ್" ಎಂದು ಕೂಗುವುದು ವಾಡಿಕೆಯಾಯಿತು. ಐದು ನಿಮಿಷದ ಕೆಲಸ. ಸುಕನ್ಯ ಭಾನುವಾರಗಳಲ್ಲಿ ಮನೆ ಕಿತ್ತುಹಾಕುವುದನ್ನು ಬಿಟ್ಟಳು. ಕಿತ್ತುಹಾಕುವಂಥದ್ದು ಏನೂ ಉಳಿದಿರುತ್ತಿರಲಿಲ್ಲ. ಹಾಗೆ ಸಿಕ್ಕ ಒಂದು ಭಾನುವಾರ ಅತ್ತೆ ಸೊಸೆ ಇಬ್ಬರೂ ಸಾಲಿಗ್ರಾಮದ ನೆಂಟರ ಮನೆಯ ನಾಮಕರಣಕ್ಕೆ ಹೋಗಿ ಬಂದರು. ಅಲ್ಲಿ ಸುಕನ್ಯ ಅತ್ತೆಯ ತೋಳು ಹಿಡಿದೇ ನಡೆದಳು. ನೋಡಿದವರು ಅತ್ತೆಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡರು.

ಒಂದು ಬೆಳಿಗ್ಗೆ ಕಿರಣ ಟೆಸ್ಟರ್ ಹುಡುಕುತ್ತಾ ಮನೆಯೆಲ್ಲ ಓಡಾಡಿದ. ಅಂಗಿಯ ಜೇಬು, ಬೈಕಿನ ಡಿಕ್ಕಿ, ಅಟ್ಟಣಿಗೆ ಎಲ್ಲೂ ಇಲ್ಲ.

"ಅಟ್ಟಣಿಗೆ ಎಡಗಡೆ, ಇಕ್ಕಳದ ಪಕ್ಕ ನೋಡು," ಎಂದಳು ಮರಮ್ಮ ಒಳಗಿನಿಂದ. "ನಿನ್ನೆ ಜಗಲೀಲಿ ಬಿದ್ದಿತ್ತು, ಎತ್ತಿ ಮಡಗ್ದೆ."

ಅದು ಅಲ್ಲೇ ಇತ್ತು.

"ಎರಡು ಕಣ್ಣಿರೋನಿಗೆ ಸಿಕ್ಕನಿಲ್ಲ," ಎಂದ ಚೆಲುವಯ್ಯ ಅಕ್ಕಿಯ ಮೊರ ಜಾಡಿಸುತ್ತಾ. ಮರಮ್ಮ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಮನೆಯಲ್ಲಿ ಕಣ್ಣಿನ ವಿಷಯಕ್ಕೆ ಯಾರಾದರೂ ನಕ್ಕದ್ದು ಅದೇ ಮೊದಲು.

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಚಳಿ ಶುರುವಾಗಿತ್ತು. ಸುಕನ್ಯ ವ್ಯಾನಿನಿಂದ ಇಳಿದು ಮನೆಗೆ ಬಂದಾಗ ಬಾಗಿಲಲ್ಲಿ ಸುಂದ್ರಮ್ಮನ ಚಪ್ಪಲಿ ಕಂಡಿತು. ಬ್ಯಾಗನ್ನು ಜಗಲಿಯ ಮೊಳೆಗೆ ಹಾಕುತ್ತಿದ್ದಂತೆ ತನ್ನ ಹೆಸರು ಕೇಳಿ ಅವಳು ಅಲ್ಲೇ ನಿಂತಳು.

"ಕುಂಬಳಕಾಯಿ ಎಚ್ಚಿದ್ದಾಯ್ತು, ತಗಾ ನಿನ್ ಈಳಿಗೆಮಣೆ," ಎನ್ನುತ್ತಿದ್ದಳು ಸುಂದ್ರಮ್ಮ. "ಏನೇ ಏಳು ಮರಕ್ಕ, ಈ ಮನೇಲಿ ಸುಕನ್ಯಂದೇ ದರ್ಬಾರು. ನಿನ್ ಮಗ ಇವತ್ತೂ ಪೊರಕೆ ಇಡ್ಕಂಡಿದ್ದ. ನಾನಾಗಿದ್ರೆ ಇಂಥಾ ಸೊಸೇನ..."

"ಸುಂದ್ರಿ, ಈಳಿಗೆಮಣೆ ಎಲ್ಲಿ ಮಡಗ್ದೆ?"

"ಇಲ್ಲೇ ಅದಲ್ಲಕ್ಕ, ನಿನ್ ಮುಂದೆ."

"ನನ್ ಮುಂದೆ ಎಲ್ಲಿ?"

"ಇಲ್ಲೇ ಒಸ್ತಿಲತ್ರ, ನಿನ್ ಕಾಲ್ ಬುಡ್ದಲ್ಲಿ. ಕಾಣಕ್ಕಿಲ್ವಾ?"

ಸುಕನ್ಯ ಒಳಕ್ಕೆ ಹೋಗಲು ಕಾಲೆತ್ತಿದಳು. ಈಳಿಗೆಯ ಅಲಗು ಮೇಲಾಗಿ ಕೂತಿರುವುದು ಅವಳಿಗೆ ಅ‍ಲ್ಲಿಂದಲೇ ಕಾಣುತ್ತಿತ್ತು. ಅಷ್ಟರಲ್ಲಿ ಮರಮ್ಮ ಹೇಳಿದಳು.

"ಇಲ್ಲ ಕಣೇ. ಕಾಣಕ್ಕಿಲ್ಲ. ಎರಡು ವರ್ಸದ ಮ್ಯಾಲಾಯ್ತು."

ಸುಂದ್ರಮ್ಮ ಬಗ್ಗಿ ಅವಳ ಕಣ್ಣನ್ನೇ ನೋಡಿದಳು.

"ಅದು ಮಡಗೋ ಜಾಗ ಒಲೆ ಕಟ್ಟೆ ಕೆಳಗೆ, ಅಲಗು ಗೋಡೆ ಕಡೆ. ನೀನ್ ಇಲ್ಲಿ ಇಕ್ಕುದ್ರೆ ನನ್ ಕಾಲೋಯ್ತದೆ. ಅದ್ಕೇ ಈ ಮನೇಲಿ ಎಲ್ರೂ ಗುಡುಸ್ತಾರೆ, ಎಲ್ರೂ ಎತ್ತಿ ಮಡಗ್ತಾರೆ. ನನ್ ಸೊಸೆ ದರ್ಬಾರು ಅಲ್ಲ ಅದು. ನೀನು ಡೈರಿ ಸಾಲಲ್ಲಿ ಏನೇನಂದಿದೀಯ ಅಂತ ಅವ್ಳ್ಗೂ ಗೊತ್ತು. ನನ್ ಮರ್ವಾದೆಗೆ ಅಂತ ಬಾಯಿ ಬುಟ್ಟಿಲ್ಲ ಅವ್ಳು."

"ಅಯ್ಯೋ ಅಕ್ಕ," ಎಂದಳು ಸುಂದ್ರಮ್ಮ. ದನಿ ಇಳಿದುಹೋಗಿತ್ತು. "ನಂಗೇನ್ ಗೊತ್ತಿತ್ತು? ನೀನು ಸರ್‍ಯಾಗೇ ಓಡಾಡ್ತಿದ್ದೆ."

"ಸರ್‍ಯಾಗೇ ಓಡಾಡ್ತೀನಿ. ಇವ್ರೆಲ್ಲ ದಾರಿ ಬುಟ್ಟವ್ರೆ, ಓಡಾಡ್ತೀನಿ."

ಸುಂದ್ರಮ್ಮ ಬಗ್ಗಿ ಈಳಿಗೆಮಣೆ ಎತ್ತಿಕೊಂಡಳು. ಒಲೆಯ ಕಟ್ಟೆಯ ಕೆಳಗೆ ಕೂತು, ಅಲಗನ್ನು ಗೋಡೆಯ ಕಡೆಗೆ ತಿರುಗಿಸಿ, ಎರಡು ಸಲ ಸರಿಮಾಡಿ ಇಟ್ಟಳು. "ಇಲ್ಲೇನಾ?" ಎಂದು ಕೇಳಿದಳು. ಮರಮ್ಮ ಬಗ್ಗಿ ಕೈಯಿಂದ ಮುಟ್ಟಿ ನೋಡಿ ಹೂಂಗುಟ್ಟಿದಳು. ಹೊರಗೆ ಬಂದ ಸುಂದ್ರಮ್ಮ ಜಗಲಿಯಲ್ಲಿ ನಿಂತಿದ್ದ ಸುಕನ್ಯಳನ್ನು ಕಂಡು ಗಕ್ಕನೆ ನಿಂತಳು. ಅವಳ ತೋಳನ್ನು ಒಂದು ಸಲ ಮುಟ್ಟಿದಳು. ಬಾಗಿಲ ನಡುವೆ ಬಿಟ್ಟಿದ್ದ ಚಪ್ಪಲಿಯನ್ನು ಕಾಲಿಂದ ಗೋಡೆಗೆ ಸರಿಸಿದಳು. ಆಮೇಲೆ ತಾನು ಹೊರಟಿರುವುದು ನೆನಪಾಗಿ ಮೆಟ್ಟಿಕೊಂಡು ಹೋದಳು.

ಸುಕನ್ಯ ಕೈಕಾಲು ತೊಳೆದು ಅಡುಗೆಮನೆಗೆ ಬಂದಳು. ಮರಮ್ಮ ಎಸರಿಗೆ ರಾಗಿಹಿಟ್ಟು ಸುರಿಯುತ್ತಿದ್ದಳು.

"ಯಾವಾಗ್ ಬಂದೆ?"

"ಆಗ್ಲೇ."

"ಕೇಳುಸ್ಕಂಡ್ಯಾ?"

"ಹೂಂ. ಯಾಕತ್ತೆ ಹೇಳಿದ್ರಿ? ಸುಂದ್ರಮ್ಮ ನಾಳೆ ಹೊತ್ತಾರೆಗೆಲ್ಲ ಊರಿಗೇ ಸಾರ್ತಾರೆ."

ಮರಮ್ಮ ಹಿಟ್ಟಿನ ಕೋಲನ್ನು ಪಾತ್ರೆಗೆ ಊರಿ ಎರಡೂ ಕೈಯಿಂದ ತೊಳಸತೊಡಗಿದಳು.

"ಸಾರ್ಲಿ ಅಂತ್ಲೇ ಅವ್ಳ್ಗೆ ಏಳಿದ್ದು," ಎಂದಳು. "ತಟ್ಟೆ ಆಕು, ಮುದ್ದೆ ಆರೋಯ್ತದೆ."